ಕೊಳಗದ ಅಳತೆ, ಕಾನೂನಿನ ಅಳತೆ

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದು ಅಚೌರ್ಯ. ಒಡೆಯನು ಕೊಡದ ವಸ್ತುವನ್ನು ತನ್ನದಾಗಿಸಿಕೊಳ್ಳದಿರುವುದು ಅದರ ಸ್ಥೂಲವಾದ ಅರ್ಥ. ಆದರೆ ನಮ್ಮ ಪೂರ್ವಾಚಾರ್ಯರು ಇಷ್ಟಕ್ಕೇ ನಿಲ್ಲಲಿಲ್ಲ. ವ್ರತವನ್ನು ನೇರವಾಗಿ ಮುರಿಯದೆಯೇ ಅದನ್ನು ಮಲಿನಗೊಳಿಸುವ ದಾರಿಗಳನ್ನೂ ಅವರು ಗುರುತಿಸಿದರು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳ್ಳನಿಗೆ ಪ್ರೇರಣೆ ನೀಡುವುದು, ಕದ್ದ ಮಾಲನ್ನು ಕೊಳ್ಳುವುದು, ಕಲಬೆರಕೆ ಮಾಡುವುದು ಇವು ಮೂರು ಎಲ್ಲರಿಗೂ ತಿಳಿದಂಥವು. ಉಳಿದ ಎರಡರ ಕಡೆಗೆ ವಾಚಕರ ಗಮನವನ್ನು ಸೆಳೆಯುವುದು ಈ ಲೇಖನದ ಉದ್ದೇಶ. ಒಂದು ವಿರುದ್ಧರಾಜ್ಯಾತಿಕ್ರಮ, ಅಂದರೆ ರಾಜ್ಯದ ಕಟ್ಟಳೆಯನ್ನು ಮೀರಿ ನಡೆಯುವುದು. ಇನ್ನೊಂದು ಹೀನಾಧಿಕಮಾನೋನ್ಮಾನ, ಅಂದರೆ ಕೊಡುವಾಗ ಕಿರಿದಾದ ಅಳತೆಯನ್ನೂ ಕೊಳ್ಳುವಾಗ ಹಿರಿದಾದ ಅಳತೆಯನ್ನೂ ಬಳಸುವುದು.

ನಾಲ್ಕು ದಶಕಗಳ ಕಾಲ ಮಂಗಳೂರಿನ ಬಂದರಿನಲ್ಲಿ ದಿನಸಿ ವ್ಯಾಪಾರ ಮಾಡಿದವನು ನಾನು. ತಕ್ಕಡಿಗೂ ಕಲ್ಲುಗಳಿಗೂ ಸರಕಾರದ ಮುದ್ರೆ ಹಾಕಿಸುವುದು ನಮ್ಮಂಥವರಿಗೆ ಒಂದು ವಾಡಿಕೆ. ಈ ಎರಡು ಅತಿಚಾರಗಳು ಒಂದೇ ಸೂತ್ರದಲ್ಲಿ ಅಕ್ಕಪಕ್ಕದಲ್ಲಿ ಕುಳಿತಿರುವುದನ್ನು ಎಷ್ಟೋ ಬಾರಿ ಓದಿದ್ದರೂ ಅವೆರಡೂ ಒಂದಕ್ಕೊಂದು ಎದುರಾಗಿ ನಿಲ್ಲುವ ಸಂದರ್ಭವಿರಬಹುದೆಂದು ನನಗೆ ಹೊಳೆದಿರಲಿಲ್ಲ. ಮಾಲಿಕನು ಹಿರಿದಾದ ಅಳತೆಯಿಂದ ಅಳೆಯುತ್ತಿದ್ದಾನೆ; ಅದನ್ನು ಪ್ರತಿಭಟಿಸಲು ಒಕ್ಕಲು ರಾಜ್ಯದ ಆಜ್ಞೆಯನ್ನು ಮೀರುತ್ತಾನೆ. ಆಗ ವ್ರತಭಂಗ ಯಾರದು? ಹಾಗೆ ಮೀರಿದವನನ್ನು ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಿಸಿದಾಗ ಜೈನನಾದವನು ಯಾವ ಕಡೆ ನಿಲ್ಲಬೇಕು? ಈ ಪ್ರಶ್ನೆ ನನಗೆ ಗ್ರಂಥದಿಂದ ಬಂದುದಲ್ಲ. ನಾನೇ ಸಹಿ ಹಾಕಿದ ಒಂದು ದೂರಿನಿಂದ ಬಂದುದು. ಅದನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

ಕಾಗೋಡಿನ ಕೊಳಗ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಕಾಗೋಡು ಎಂಬ ಗ್ರಾಮವಿದೆ. ಅಲ್ಲಿಯ ಗೇಣಿದಾರರು ಬಹುಮಟ್ಟಿಗೆ ದೀವರ ಸಮುದಾಯದವರು. ಬೆಳೆ ಬಂದ ಮೇಲೆ ಗೇಣಿಯ ಭತ್ತವನ್ನು ಒಡೆಯರ ಮನೆಗೆ ಅಳೆದು ಕೊಡಬೇಕು. ಅಳೆಯುವ ಕೊಳಗವು ಸರಕಾರದ ಮುದ್ರೆಯ ಕೊಳಗವಲ್ಲ, ಅದಕ್ಕಿಂತ ದೊಡ್ಡದು. ಮುದ್ರೆಯ ಕೊಳಗದಲ್ಲೇ ಅಳೆಯಬೇಕೆಂಬುದು ರೈತರ ಬೇಡಿಕೆಗಳಲ್ಲಿ ಮುಖ್ಯವಾದುದು. ಇದರಲ್ಲಿ ಕ್ರಾಂತಿಯ ಮಾತೇನೂ ಇರಲಿಲ್ಲ. ಗೇಣಿ ಕೊಡುವುದಿಲ್ಲವೆಂದು ಅವರು ಹೇಳಲಿಲ್ಲ. ಸರಿಯಾಗಿ ಅಳೆಯಿರಿ ಎಂದರು, ಅಷ್ಟೆ. ಅದಕ್ಕೆ ಪ್ರತಿಯಾಗಿ ಅವರು ಉಳುತ್ತಿದ್ದ ಗದ್ದೆಗಳನ್ನೇ ಬಿಡಿಸುವ ಪ್ರಯತ್ನ ನಡೆಯಿತು.

1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ರೈತರು ನೇಗಿಲು ಹಿಡಿದು, ಬಿಡಿಸಲ್ಪಟ್ಟ ಗದ್ದೆಗಳಿಗೆ ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿರುವಂತೆಯೇ ಇಳಿದರು. ಪೊಲೀಸರು ಬಂದರು, ಅವರನ್ನು ಹಿಡಿದೊಯ್ದರು. ಮರುದಿನ ಇನ್ನೊಂದು ತಂಡ ಇಳಿಯಿತು. ರೈತಸಂಘವನ್ನು ಕಟ್ಟಿದ ಎಚ್. ಗಣಪತಿಯಪ್ಪನವರು, ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಮುಂತಾದವರು ಬಂಧಿತರಾದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ನೂರಾರು ಮಂದಿ ಸೆರೆಮನೆ ಸೇರಿದರು. ಆಗ ಮೈಸೂರು ಸಂಸ್ಥಾನದಲ್ಲಿದ್ದುದು ಸ್ವಾತಂತ್ರ್ಯ ಹೋರಾಟದಿಂದ ಬಂದ ಕೆ.ಸಿ. ರೆಡ್ಡಿಯವರ ಸರಕಾರ, ಸತ್ಯಾಗ್ರಹವೆಂದರೇನೆಂದು ಅದಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ ಎಂಬುದನ್ನು ಸಹೃದಯರು ಗಮನಿಸಬೇಕು.

ಕಾನೂನಿನ ಕಣ್ಣಿನಲ್ಲಿ ನೋಡಿದರೆ ಆ ರೈತರು ಅತಿಕ್ರಮ ಪ್ರವೇಶ ಮಾಡಿದ ಆರೋಪಿಗಳು. ಆದರೆ ಮುಂದಿನ ವರ್ಷ, 1952ರ ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ ಅದೇ ಪ್ರದೇಶದ ಜನರು ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿದರು. ಅದೇ ಊರಿನ ಕಾಗೋಡು ತಿಮ್ಮಪ್ಪನವರು ಮುಂದೆ ವಿಧಾನಸಭೆಯ ಅಧ್ಯಕ್ಷರೂ ಕಂದಾಯ ಸಚಿವರೂ ಆದರು. ಕೊಳಗದ ಅಳತೆ ಸರಿಯಿರಬೇಕೆಂಬ ಬೇಡಿಕೆಯು ಉಳುವವನೇ ಹೊಲದೊಡೆಯನೆಂಬ ಶಾಸನವಾಗಿ ಬೆಳೆಯಲು ಇಪ್ಪತ್ತಮೂರು ವರ್ಷಗಳು ಬೇಕಾದವು.

ನಮ್ಮ ಜಿಲ್ಲೆಯ ಇತಿಹಾಸದಲ್ಲೂ ಇಂಥ ಮಾತುಂಟು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪೆನಿ ಸರಕಾರವು ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದಿತು. ಬೇಸಾಯಗಾರರ ಆ ಸಂಕಟವೇ 1837ರ ದಂಗೆಗೆ ಒಂದು ಮುಖ್ಯ ಕಾರಣವಾಯಿತು. ದಂಗೆಯವರ ಜೊತೆಗೂಡಿದ ನಂದಾವರದ ಬಂಗರಸರು ಜೈನ ಅರಸುಮನೆತನದವರು, ಅವರನ್ನೂ ಗಲ್ಲಿಗೇರಿಸಲಾಯಿತು. ಅಂದಿನ ದಾಖಲೆಯಲ್ಲಿ ಅವರೆಲ್ಲರೂ ರಾಜದ್ರೋಹಿಗಳು. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಆ ಹೋರಾಟದ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಾಗ ನಾವೆಲ್ಲರೂ ಚಪ್ಪಾಳೆ ತಟ್ಟಿದೆವು. ದೇರೆಬೈಲಿನಿಂದ ಪೇಟೆಗೆ ಹೋಗಿಬರುವಾಗಲೆಲ್ಲ ಆ ಪ್ರತಿಮೆಯನ್ನು ನೆನೆಯುತ್ತೇನೆ. ಸತ್ತು ನೂರೆಂಬತ್ತು ವರ್ಷಗಳಾದ ಆರೋಪಿಯನ್ನು ಗೌರವಿಸುವುದು ಸುಲಭ. ಇಂದು ವಾಯಿದೆಗಾಗಿ ನ್ಯಾಯಾಲಯದ ಹೊರಗೆ ಕಾದು ಕುಳಿತ ಆರೋಪಿಯ ವಿಷಯದಲ್ಲಿ ನಮ್ಮ ನಿಲುವೇನು ಎಂಬುದೇ ಪ್ರಶ್ನೆ.

ನಮ್ಮ ಮನೆಯ ಎರಡು ಕಳಸೆಗಳು

ಪರರ ದೋಷವನ್ನು ಹೇಳುವ ಮುನ್ನ ಸ್ವಗೃಹದ ದೋಷವನ್ನು ಹೇಳಬೇಕು. ನಾನು ಹುಟ್ಟಿದ್ದು ಕಾರ್ಕಳ ತಾಲೂಕಿನ ಒಂದು ಹಳೆಯ ಮನೆಯಲ್ಲಿ. ಅಳಿಯಸಂತಾನ ಕಟ್ಟಿನ ಕುಟುಂಬ. ನಮ್ಮ ತಾಯಿಯ ಹಿರಿಯ ಸೋದರರಾದ ದೊಡ್ಡಮಾವನವರೇ ಯಜಮಾನರು. ಚಾಲಗೇಣಿಯ ಒಕ್ಕಲುಗಳು ಹಲವರಿದ್ದರು. ನಮ್ಮ ಕಡೆಯ ಲೆಕ್ಕದಲ್ಲಿ ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ನಮ್ಮ ಚಾವಡಿಯ ಮೂಲೆಯಲ್ಲಿ ಎರಡು ಕಳಸೆಗಳಿದ್ದವು. ಗೇಣಿ ಬರುವ ದಿನ ಒಂದು ಹೊರಗೆ ಬರುತ್ತಿತ್ತು. ಮಳೆಗಾಲದಲ್ಲಿ ಒಕ್ಕಲುಗಳಿಗೆ ಅಕ್ಕಿ ಕಡ ಕೊಡುವ ದಿನ ಇನ್ನೊಂದು. ಬಾಲಕನಾದ ನಾನು ಒಮ್ಮೆ ಆಟಕ್ಕೆಂದು ಸಣ್ಣದರಲ್ಲಿ ತುಂಬಿದ ಅಕ್ಕಿಯನ್ನು ದೊಡ್ಡದಕ್ಕೆ ಸುರಿದೆ. ಅದು ತುಂಬಲಿಲ್ಲ. ದೊಡ್ಡಮಾವನವರು ನೋಡಿದರು, ಬೈಯಲಿಲ್ಲ, ಹೊಡೆಯಲಿಲ್ಲ. ಎರಡನ್ನೂ ಎತ್ತಿ ಒಳಗಿಟ್ಟರು.

ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವವರು, ನೀರನ್ನು ಸೋಸಿಯೇ ಕುಡಿಯುವವರು, ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿರುವವರು. ಇರುವೆಯ ಸಾಲು ಕಂಡರೆ ಹೆಜ್ಜೆ ತಪ್ಪಿಸಿ ನಡೆಯುತ್ತಿದ್ದರು. ಆದರೆ ಆ ಕಳಸೆ ಅವರ ಹಿರಿಯರ ಕಾಲದಿಂದ ಬಂದುದು. ಅದರಲ್ಲಿ ದೋಷವಿದೆಯೆಂಬ ಭಾವನೆಯೇ ಅವರಿಗೆ ಬರುತ್ತಿರಲಿಲ್ಲ. ಸಂಪ್ರದಾಯವಾಗಿ ಬಂದ ಅನ್ಯಾಯವು ಮನೆಯ ಪಾತ್ರೆಯಂತೆ ಕಾಣುತ್ತದೆ, ಪಾಪದಂತೆ ಕಾಣುವುದಿಲ್ಲ.

ದೇವರಾಜ ಅರಸು ಅವರ ಸರಕಾರದ ತಿದ್ದುಪಡಿಯಿಂದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಿಂದ ಹೊಸ ರೂಪದಲ್ಲಿ ಜಾರಿಗೆ ಬಂತು. ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದರು. ಗೇಣಿಯ ಭೂಮಿ ಹೆಚ್ಚಾಗಿದ್ದ ನಮ್ಮ ಜಿಲ್ಲೆಯಲ್ಲಿ ಭೂನ್ಯಾಯಮಂಡಳಿಗಳ ಮುಂದೆ ಸಾಲು ಸಾಲು ಅರ್ಜಿಗಳು ಬಂದವು. ನಮ್ಮ ಗದ್ದೆಗಳೂ ಹೋದವು. ಬಸದಿಗಳ ಉಂಬಳಿ ಭೂಮಿಗಳೂ ಒಕ್ಕಲುಗಳ ಪಾಲಾಗಿ, ಬಸದಿಗಳಿಗೆ ಅದರ ಬದಲಿಗೆ ವರ್ಷಾಸನ ಮಾತ್ರ ಉಳಿಯಿತು. ಎಷ್ಟೋ ಕಡೆ ನಿತ್ಯಪೂಜೆಗೆ ಅಕ್ಕಿ ಎಲ್ಲಿಂದ ತರುವುದೆಂಬ ಚಿಂತೆ ಹುಟ್ಟಿತು. ಆ ನೋವನ್ನು ನಾನು ಕಡೆಗಣಿಸುವುದಿಲ್ಲ. ಗೇಣಿಯಿಂದಲೇ ಬದುಕುತ್ತಿದ್ದ ಸಣ್ಣ ಕುಟುಂಬಗಳು, ವಿಧವೆಯರು ಕಷ್ಟಕ್ಕೊಳಗಾದದ್ದೂ ನಿಜ. ನಮ್ಮ ಸಮಾಜದ ಹಿರಿಯರು ಇಂದಿಗೂ ಆ ಕಾಲವನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ಆದರೆ ಆ ನಿಟ್ಟುಸಿರಿನ ಜೊತೆಗೆ ಎರಡನೆಯ ಕಳಸೆಯ ನೆನಪನ್ನೂ ಇಟ್ಟುಕೊಳ್ಳದಿದ್ದರೆ ನಮ್ಮ ಪ್ರತಿಕ್ರಮಣ ಪೂರ್ಣವಾಗಲಾರದು.

ಅತಿಚಾರದ ಮೂಲ ಯಾವುದು?

ಈಗ ಮೂಲ ಪ್ರಶ್ನೆಗೆ ಬರೋಣ. ರಾಜ್ಯದ ಆಜ್ಞೆ ಮೀರುವುದು ಅತಿಚಾರವೆಂದು ಸೂತ್ರವೇ ಹೇಳುವಾಗ ಸತ್ಯಾಗ್ರಹಿಯನ್ನು ಸಮರ್ಥಿಸುವುದು ಹೇಗೆ?

ಸೂತ್ರದ ಪದವನ್ನು ಮಾತ್ರ ಹಿಡಿದರೆ ಸಾಲದು, ವ್ಯಾಖ್ಯಾನಕಾರರನ್ನು ಕೇಳಬೇಕು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಪದವನ್ನು ಬಿಡಿಸುವಾಗ ಕೊಡುವ ಸಂದರ್ಭ ವ್ಯಾಪಾರಿಗೆ ಸಂಬಂಧಿಸಿದ್ದು: ರಾಜ್ಯದಲ್ಲಿ ವಿರೋಧ, ಅವ್ಯವಸ್ಥೆ ತಲೆದೋರಿದಾಗ ಬೆಲೆಬಾಳುವ ವಸ್ತುವನ್ನು ಅಲ್ಪ ಬೆಲೆಗೆ ಹೊಡೆದುಕೊಳ್ಳಬಹುದೆಂಬ ಆಸೆಯಿಂದ ನ್ಯಾಯವಲ್ಲದ ದಾರಿಯಲ್ಲಿ ಕೊಡು ಕೊಳ್ಳುವಿಕೆ ನಡೆಸುವುದು. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ಸ್ಥಾನದಲ್ಲಿ ವಿಲೋಪವೆಂಬ ಪದವನ್ನು ಇಟ್ಟಿದ್ದಾರೆ. ಅಂದರೆ ಇಲ್ಲಿ ದೋಷದ ಬೀಜ ಲೋಭ. ಕಟ್ಟಳೆಯನ್ನು ಮರೆಮಾಚಿ ದಾಟಿ ಲಾಭ ಮಾಡಿಕೊಳ್ಳುವ ಭಾವವೇ ಅತಿಚಾರ. ಸುಂಕ ತಪ್ಪಿಸಿ ಮಾಲು ಸಾಗಿಸುವವನು, ಕೊರತೆಯ ಕಾಲದಲ್ಲಿ ದಾಸ್ತಾನು ಅಡಗಿಸುವವನು ಇದಕ್ಕೆ ಸರಿಯಾದ ದೃಷ್ಟಾಂತಗಳು. ನಮ್ಮ ವ್ಯಾಪಾರದಲ್ಲಿ ಇಂಥವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಕಟಕಟೆಯನ್ನೇ ಕಂಡವರಲ್ಲ.

ಹೀಗಿರುವಾಗ ಕಳ್ಳನನ್ನೂ ಸತ್ಯಾಗ್ರಹಿಯನ್ನೂ ಬೇರ್ಪಡಿಸಲು ನಾಲ್ಕು ಪರೀಕ್ಷೆಗಳು ನನಗೆ ತೋರುತ್ತವೆ. ಮೊದಲನೆಯದು, ಕಾರ್ಯ ಬಹಿರಂಗವಾಗಿದೆಯೇ, ಗುಪ್ತವಾಗಿದೆಯೇ? ಎರಡನೆಯದು, ಬರುವ ಫಲ ತನ್ನೊಬ್ಬನಿಗೋ, ತನ್ನಂತೆ ನೊಂದ ಎಲ್ಲರಿಗೋ? ಮೂರನೆಯದು, ಆ ಕಾರ್ಯದಿಂದ ಯಾವ ಜೀವಕ್ಕಾದರೂ ಹಿಂಸೆಯಾಯಿತೇ? ನಾಲ್ಕನೆಯದು, ಬರುವ ಶಿಕ್ಷೆಯನ್ನು ಹೊರಲು ಅವನು ಸಿದ್ಧನಿದ್ದಾನೆಯೇ? ಕಾಗೋಡಿನ ರೈತನು ಈ ನಾಲ್ಕರಲ್ಲೂ ಉತ್ತೀರ್ಣನಾಗುತ್ತಾನೆ. ಹಿರಿದಾದ ಕೊಳಗದಿಂದ ಅಳೆದವನು ಮೊದಲನೆಯದರಲ್ಲೇ ಸೋಲುತ್ತಾನೆ. ಏಕೆಂದರೆ ಆ ಕೊಳಗದ ಶಕ್ತಿಯಿರುವುದೇ ಅದು ಸರಿಯಾದ ಕೊಳಗದಂತೆ ಕಾಣುವುದರಲ್ಲಿ. ಹೋರಾಟವೆಂಬ ಹೆಸರಿನಲ್ಲಿ ಬಡವರನ್ನು ಮುಂದೆ ನಿಲ್ಲಿಸಿ ಹಿಂದಿನಿಂದ ನಿವೇಶನ ಕಬಳಿಸುವ ದಲ್ಲಾಳಿಯೂ ಇದೇ ಪರೀಕ್ಷೆಯಲ್ಲಿ ಸೋಲುತ್ತಾನೆಂಬುದನ್ನು ಮರೆಯಬಾರದು. ಪರೀಕ್ಷೆ ಎರಡು ಕಡೆಗೂ ಒಂದೇ ಇರಬೇಕು. ಇಲ್ಲದಿದ್ದರೆ ಅದೂ ಎರಡು ಕಳಸೆಗಳ ವ್ಯವಹಾರವೇ ಆಗುತ್ತದೆ.

ನಾವೇ ಆರೋಪಿಗಳಾಗಿದ್ದ ದಿನಗಳು

ಇದೆಲ್ಲ ಪರರ ಮಾತೆಂದು ಭಾವಿಸುವ ಧರ್ಮಬಂಧುಗಳಿಗೆ 2015ರ ಆಗಸ್ಟ್ ತಿಂಗಳನ್ನು ನೆನಪಿಸುತ್ತೇನೆ. ಆ ತಿಂಗಳ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನ ಅಥವಾ ಸಂಥಾರವನ್ನು ಆತ್ಮಹತ್ಯೆಯೆಂದೇ ಪರಿಗಣಿಸಿ, ಅದರಂತೆ ಕ್ರಿಮಿನಲ್ ಪ್ರಕರಣ ದಾಖಲಿಸಬೇಕೆಂದು ತೀರ್ಪಿತ್ತಿತು. ವ್ರತ ಸ್ವೀಕರಿಸಿದವರು ಆತ್ಮಹತ್ಯೆಗೆ ಯತ್ನಿಸಿದ ಅಪರಾಧಿಗಳು, ಅವರ ಪಕ್ಕದಲ್ಲಿ ಕುಳಿತು ಣಮೋಕಾರ ಮಂತ್ರ ಹೇಳಿ ವೈಯಾವೃತ್ಯ ಮಾಡಿದವರು ಅದಕ್ಕೆ ಪ್ರಚೋದನೆ ನೀಡಿದ ಅಪರಾಧಿಗಳು ಎಂಬ ಸ್ಥಿತಿ ಬಂತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಿಲಾಶಾಸನಗಳಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನಿಂದ ಕೀರ್ತಿತವಾದ ಒಂದು ವ್ರತವು ಒಂದೇ ದಿನದಲ್ಲಿ ಪೊಲೀಸು ಠಾಣೆಯ ವಿಷಯವಾಯಿತು. 24ರಂದು ದೇಶದಾದ್ಯಂತ ಜೈನರು ಅಂಗಡಿ ಮುಚ್ಚಿ ಮೌನ ಮೆರವಣಿಗೆ ನಡೆಸಿದರು. 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಒಟ್ಟು ಇಪ್ಪತ್ತೊಂದು ದಿನಗಳು.

ಆ ದಿನಗಳಲ್ಲಿ ನಾವು ಮಾಡಿದ ವಾದ ಏನಾಗಿತ್ತು? ಹೊರಗಿನ ಕ್ರಿಯೆಯನ್ನು ಮಾತ್ರ ನೋಡಬೇಡಿರಿ, ಒಳಗಿನ ಭಾವವನ್ನು ನೋಡಿರಿ ಎಂದೆವು. ಆಹಾರ ತ್ಯಜಿಸಿದವರೆಲ್ಲರೂ ಆತ್ಮಘಾತಕರಲ್ಲ. ರಾಗ, ದ್ವೇಷ, ಹತಾಶೆಗಳಿಂದ ಪ್ರಾಣ ಬಿಡುವುದು ಬೇರೆ, ಶಾಂತಭಾವದಿಂದ ದೇಹದ ಮಮಕಾರ ಬಿಡುವುದು ಬೇರೆ ಎಂದೆವು. ಹಿಂಸೆಯ ಲಕ್ಷಣದಲ್ಲಿ ಪ್ರಮಾದವೆಂಬ ಭಾವವನ್ನು ಮೊದಲಿಟ್ಟ ಸೂತ್ರಕಾರರ ಬಲವನ್ನೂ ಪಡೆದೆವು. ವಾದ ಸರಿಯಾದುದೇ. ಆದರೆ ಯಾವ ವಾದವನ್ನು ನಾವು ನಮಗಾಗಿ ನ್ಯಾಯಾಲಯದ ಮುಂದಿಟ್ಟೆವೋ ಅದನ್ನೇ ಗದ್ದೆಗಿಳಿದ ಒಕ್ಕಲಿಗೂ, ತನ್ನ ಪೂಜಾಸ್ಥಾನಕ್ಕೆ ದಾರಿ ಕೇಳಿದ ಬಡವನಿಗೂ ಕೊಡಬೇಕಾಗುತ್ತದೆ. ಹೊರಗಿನ ಕ್ರಿಯೆ ಅತಿಕ್ರಮ ಪ್ರವೇಶ; ಒಳಗಿನ ಭಾವ ಯಾವುದು? ನಮಗೆ ಭಾವದ ಅಳತೆ, ಅವರಿಗೆ ಕ್ರಿಯೆಯ ಅಳತೆ ಎಂದರೆ ಮತ್ತೆ ಹೀನಾಧಿಕ ಮಾನವೇ.

ಇನ್ನೊಂದು ಇಂಥದೇ ಲೆಕ್ಕವನ್ನು ನೋಡಿರಿ. ಬೆಂಗಳೂರಿನ ಹತ್ತಿರದ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಹದಿಮೂರು ಗ್ರಾಮಗಳ 1,777 ಎಕರೆ ಕೃಷಿಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸುವುದರ ವಿರುದ್ಧ ರೈತರು 2022ರಿಂದ ಧರಣಿ ಕುಳಿತಿದ್ದರು. 2025ರ ಜೂನ್ 25ರಂದು ಪ್ರತಿಭಟನೆಗೆ ಸೇರಿದವರನ್ನು ಪೊಲೀಸರು ಬಲವಂತವಾಗಿ ಎಬ್ಬಿಸಿ ಹಿಡಿದೊಯ್ದರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ಇಪ್ಪತ್ತು ದಿನಗಳ ಹಿಂದೆ ಹಿಡಿದೊಯ್ಯಲು ಕಾರಣವಾದ ಬೇಡಿಕೆಯೇ ಇಪ್ಪತ್ತು ದಿನಗಳ ಬಳಿಕ ಸರಕಾರದ ತೀರ್ಮಾನವಾಯಿತು. ಕೈಗಾರಿಕೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಆರೋಪಿಯೆಂಬ ಹೆಸರನ್ನು ಎಷ್ಟು ಅವಸರದಲ್ಲಿ ಅಂಟಿಸುತ್ತೇವೆಂಬುದಷ್ಟೇ ಇಲ್ಲಿ ವಿಚಾರಣೀಯ.

ಎಲ್ಲ ದೇಶಗಳಲ್ಲಿ ಇಂಥ ಕಥೆಗಳು ಇಷ್ಟು ಬೇಗ ಮುಗಿಯುವುದಿಲ್ಲ. ವಿಯೆಟ್ನಾಮಿನಲ್ಲಿ ತನ್ನ ಊರಿನ ಬೇಸಾಯದ ಭೂಮಿಗಾಗಿ ಹೋರಾಡಿದ ಕಾನ್ ಥಿ ಥೆಯು ಎಂಬ ರೈತಮಹಿಳೆಗೂ ಆಕೆಯ ಮಗನಿಗೂ ಸರಕಾರದ ವಿರುದ್ಧ ಪ್ರಚಾರ ಮಾಡಿದರೆಂಬ ಆರೋಪದ ಮೇಲೆ 2021ರ ಮೇ ತಿಂಗಳಲ್ಲಿ ತಲಾ ಎಂಟು ವರ್ಷಗಳ ಸೆರೆವಾಸ ವಿಧಿಸಲಾಯಿತು. ಅದೇ ದೇಶದ ಮಧ್ಯದ ಬೆಟ್ಟಸೀಮೆಯ ಬುಡಕಟ್ಟು ಜನರಲ್ಲಿ ಅನೇಕರು ಪೂರ್ವಜರ ನೆಲವನ್ನೂ ಕಳೆದುಕೊಂಡರು, ಸರಕಾರದ ಒಪ್ಪಿಗೆಯಿಲ್ಲದೆ ಮನೆಗಳಲ್ಲಿ ಸೇರಿ ಪ್ರಾರ್ಥಿಸಿದ್ದಕ್ಕಾಗಿಯೂ ಶಿಕ್ಷೆಗೊಳಗಾದರು. ನೆಲದ ಹಕ್ಕು, ಧರ್ಮದ ಹಕ್ಕು ಎಂದು ನಾವು ಬೇರೆ ಬೇರೆ ಹೇಳುತ್ತೇವೆ. ಬಡವನ ಬದುಕಿನಲ್ಲಿ ಅವೆರಡೂ ಒಂದೇ. ಕಾಲಿಡಲು ನೆಲವಿಲ್ಲದವನಿಗೆ ಕೈ ಮುಗಿಯಲು ಸ್ಥಳವೆಲ್ಲಿ?

ಆಕ್ಷೇಪಗಳು

ಇದಕ್ಕೆ ಎರಡು ಗಂಭೀರ ಆಕ್ಷೇಪಗಳಿವೆ. ಒಂದು, ಪ್ರತಿಯೊಬ್ಬನೂ ತನ್ನ ಭಾವವೇ ಪ್ರಮಾಣವೆಂದು ಕಾನೂನು ಮೀರತೊಡಗಿದರೆ ಸಮಾಜ ಉಳಿಯುವುದೇ? ಅಲ್ಪಸಂಖ್ಯಾತರಾದ ನಮಗೆ, ಊರೂರಲ್ಲಿ ಪ್ರಾಚೀನ ಬಸದಿಗಳನ್ನು ಉಳಿಸಿಕೊಳ್ಳಬೇಕಾದ ನಮಗೆ ಕಾನೂನೇ ಕೋಟೆಯಲ್ಲವೇ? ನಿಜ. ಆದ್ದರಿಂದಲೇ ಸತ್ಯಾಗ್ರಹಿಯು ಶಿಕ್ಷೆಗೆ ತಲೆಬಾಗಬೇಕೆಂಬ ನಾಲ್ಕನೆಯ ಪರೀಕ್ಷೆ. ಸೆರೆಮನೆಗೆ ನಡೆದುಹೋದವನು ಒಂದು ಕಟ್ಟಳೆಯನ್ನು ಪ್ರಶ್ನಿಸಿದನೇ ಹೊರತು ಕಾನೂನೆಂಬ ವ್ಯವಸ್ಥೆಯನ್ನು ತಿರಸ್ಕರಿಸಲಿಲ್ಲ. ಇಷ್ಟಕ್ಕೂ ನಮ್ಮ ಪ್ರಶ್ನೆ ನ್ಯಾಯಾಧೀಶರು ಏನು ಮಾಡಬೇಕೆಂಬುದಲ್ಲ. ಅವರಿಗೆ ಅವರ ಧರ್ಮವಿದೆ. ದೂರು ಕೊಡುವ ಸ್ಥಾನದಲ್ಲಿರುವ ನಾವು ಏನು ಮಾಡಬೇಕೆಂಬುದು.

ಎರಡನೆಯ ಆಕ್ಷೇಪ ಟ್ರಸ್ಟುಗಳಿಗೆ ಸಂಬಂಧಿಸಿದ್ದು, ಇನ್ನೂ ಬಲವಾದುದು. ಬಸದಿಯ ಭೂಮಿ ದೇವದ್ರವ್ಯ. ಟ್ರಸ್ಟಿಗಳು ಅದರ ಪಾಲಕರೇ ಹೊರತು ಒಡೆಯರಲ್ಲ. ತನ್ನದಲ್ಲದ್ದನ್ನು ದಾನ ಮಾಡಿ ಪುಣ್ಯ ಗಳಿಸುವುದು ಹೇಗೆ? ಈ ಮಾತಿಗೆ ನಾನು ತಲೆಬಾಗುತ್ತೇನೆ. ಆದರೆ ಭೂಮಿಯನ್ನು ಬಿಟ್ಟುಕೊಡುವುದು ಬೇರೆ, ಮನುಷ್ಯನನ್ನು ಬಿಟ್ಟುಬಿಡುವುದು ಬೇರೆ. ಹಕ್ಕಿನ ನಿರ್ಣಯಕ್ಕೆ ಸಿವಿಲ್ ದಾವೆಯಿದೆ. ಅದು ದಾಖಲೆಗಳನ್ನು ನೋಡಿ ಭೂಮಿ ಯಾರದೆಂದು ಹೇಳುತ್ತದೆ. ಕ್ರಿಮಿನಲ್ ದೂರು ಭೂಮಿಯ ವಿಷಯ ಹೇಳುವುದಿಲ್ಲ, ಒಬ್ಬ ಮನುಷ್ಯನ ಹಣೆಯ ಮೇಲೆ ಬರೆಯುತ್ತದೆ. ದೇವದ್ರವ್ಯ ರಕ್ಷಣೆಗೆ ಮೊದಲನೆಯದು ಸಾಕು. ಎರಡನೆಯದನ್ನು ನಾವು ಬಯಸುವುದು ಹೆಚ್ಚಾಗಿ ಬೆದರಿಕೆಗಾಗಿ. ಬೆದರಿಕೆಯ ಬೇರಿನಲ್ಲಿ ಕಷಾಯವಿದೆ.

ಇಲ್ಲಿ ಅನೇಕಾಂತವನ್ನು ಎಳೆದು ತಂದು, ಅವರದೂ ಸರಿ, ನಮ್ಮದೂ ಸರಿ ಎಂದು ಕೈ ತೊಳೆದುಕೊಳ್ಳುವವರಿದ್ದಾರೆ. ಅನೇಕಾಂತದ ಅರ್ಥ ಅದಲ್ಲ. ನಾನು ನಿಂತ ಸ್ಥಾನದಿಂದ ಕಾಣದೆ ಉಳಿದುದನ್ನು ಕಾಣಲು ಸ್ಥಾನವನ್ನು ಬದಲಿಸಿ ನೋಡುವ ಕಷ್ಟವೇ ಅನೇಕಾಂತ. ಆ ಕಷ್ಟವನ್ನು ಪಡದವನಿಗೆ ಆ ಶಬ್ದವನ್ನು ಬಳಸುವ ಅಧಿಕಾರವಿಲ್ಲ.

ನಾನು ಸಹಿ ಹಾಕಿದ ದೂರು

ನಾನು ಸದಸ್ಯನಾಗಿದ್ದ ಒಂದು ಬಸದಿಯ ಆಡಳಿತ ಸಮಿತಿಯ ಮಾತಿದು. ಸ್ಥಳದ ಹೆಸರು ಇಲ್ಲಿ ಅಗತ್ಯವಿಲ್ಲ. ಭೂಸುಧಾರಣೆಯ ಬಳಿಕ ಉಳಿದ ಸ್ವಲ್ಪ ಗುಡ್ಡೆಜಾಗದ ಅಂಚಿನಲ್ಲಿ ಕೆಲವು ಕೂಲಿಯವರ ಮನೆಗಳಿದ್ದವು. ಅವರ ಹಿರಿಯರು ಒಂದು ಕಾಲದಲ್ಲಿ ಆ ಬಸದಿಯ ಗದ್ದೆಗಳಲ್ಲಿ ದುಡಿದವರು. ಗುಡ್ಡೆಯ ಮೇಲೆ, ಒಂದು ಮರದ ಬುಡದಲ್ಲಿ, ಅವರು ದೀಪವಿಡುವ ದೈವದ ಕಟ್ಟೆಯಿತ್ತು. 2014ರಲ್ಲಿ ನಾವು ಜಾಗಕ್ಕೆ ಬೇಲಿ ಹಾಕಿಸಿದೆವು. ಕಟ್ಟೆ ಬೇಲಿಯ ಒಳಗಾಯಿತು. ವರ್ಷದ ತಂಬಿಲದ ದಿನ ಅವರು ಬಂದು ದಾರಿ ಕೇಳಿದರು. ಕೊಟ್ಟರೆ ಮುಂದೆ ಹಕ್ಕೆಂದು ಸಾಧಿಸುತ್ತಾರೆಂದು ನಮ್ಮಲ್ಲಿ ಕೆಲವರು ಹೇಳಿದರು, ನಾನೂ ಹೌದೆಂದೆ. ಅವರು ಬೇಲಿಯ ಒಂದು ಕಲ್ಲುಕಂಬವನ್ನು ಕಿತ್ತು ಬದಿಗಿಟ್ಟು ಒಳಗೆ ಹೋಗಿ ದೀಪವಿಟ್ಟು ಹೊರಗೆ ಬಂದರು. ಮುಂದಾಳಾಗಿದ್ದವನು ಇಪ್ಪತ್ತನಾಲ್ಕು ವರ್ಷದ ಒಬ್ಬ ಯುವಕ. ಅತಿಕ್ರಮ ಪ್ರವೇಶವೆಂದು ಬರೆದ ದೂರಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಆ ಪ್ರಕರಣ ಏಳು ವರ್ಷ ನಡೆಯಿತು. ಈ ನಡುವೆ ಆ ಹುಡುಗನಿಗೆ ಕೊಲ್ಲಿ ದೇಶದಲ್ಲಿ ಕೆಲಸ ಸಿಕ್ಕಿತ್ತಂತೆ. ಪೊಲೀಸು ಪ್ರಮಾಣಪತ್ರ ದೊರೆಯದೆ ಅದು ತಪ್ಪಿತು. ಇದು ನನಗೆ ತಿಳಿದದ್ದು ತಡವಾಗಿ, ನನ್ನ ಅಂಗಡಿಗೆ ಮೂಟೆ ಹೊರಲು ಬರುತ್ತಿದ್ದ ಅವನ ಸಂಬಂಧಿಯೊಬ್ಬನ ಬಾಯಿಂದ. ನಾನು ಮೇಲಿನ ನಾಲ್ಕು ಪರೀಕ್ಷೆಗಳನ್ನು ಅವನಿಗೆ ಹಚ್ಚಿ ನೋಡಿದೆ. ಹಗಲಲ್ಲಿ ಬಂದ, ಎಲ್ಲರ ಪರವಾಗಿ ಬಂದ, ಯಾರನ್ನೂ ನೋಯಿಸಲಿಲ್ಲ, ಠಾಣೆಗೆ ಕರೆದಾಗ ನಡೆದುಬಂದ. ಅನಂತರ ನಮಗೆ ಹಚ್ಚಿ ನೋಡಿದೆ. ನಮ್ಮ ಹಳೆಯ ಮನೆಯಲ್ಲೂ ದೈವಕ್ಕೆ ನೇಮ ಕೊಡುತ್ತಿದ್ದರು, ತುಳುನಾಡಿನ ಎಷ್ಟೋ ಜೈನ ಮನೆತನಗಳಂತೆ. ನಮ್ಮ ದೈವಕ್ಕೆ ಚಾವಡಿ, ಅವರ ದೈವಕ್ಕೆ ಬೇಲಿ. ದೊಡ್ಡಮಾವನವರು ಎತ್ತಿ ಒಳಗಿಟ್ಟ ಕಳಸೆ ನಮ್ಮ ಸಮಿತಿಯ ಮೇಜಿನ ಮೇಲೆಯೇ ಇತ್ತು. ನಾನು ಅದನ್ನು ಗುರುತಿಸಲಿಲ್ಲ.

ಸಮಿತಿಯಲ್ಲಿ ವಿಷಯವನ್ನು ಎತ್ತಿದಾಗ ಮೂರು ಸಭೆಗಳಲ್ಲಿ ವಾಗ್ವಾದ ನಡೆಯಿತು. ಕೊನೆಗೆ ಒಂದು ಒಪ್ಪಂದವಾಯಿತು. ಭೂಮಿಯ ಹಕ್ಕಿನ ಪ್ರಶ್ನೆಯನ್ನು ಸಿವಿಲ್ ನ್ಯಾಯಾಲಯಕ್ಕೆ ಬಿಡುವುದು. ಕಟ್ಟೆಗೆ ನಾಲ್ಕಡಿ ದಾರಿ ಬಿಡುವುದು. ಕ್ರಿಮಿನಲ್ ಪ್ರಕರಣವನ್ನು ರಾಜಿಯಲ್ಲಿ ಮುಗಿಸುವುದು. ಬರಿಯ ಅತಿಕ್ರಮ ಪ್ರವೇಶದ ಆರೋಪವನ್ನು ಜಾಗದ ಸ್ವಾಧೀನವುಳ್ಳವರು ರಾಜಿ ಮಾಡಿಕೊಳ್ಳಲು ಕಾನೂನಿನಲ್ಲೇ ಅವಕಾಶವಿದೆ. ಏಳು ವರ್ಷಗಳ ಹಿಂದೆಯೂ ಇತ್ತು. ನಾವು ಕೇಳಿರಲಿಲ್ಲ. 2021ರಲ್ಲಿ ಪ್ರಕರಣ ಮುಗಿಯಿತು.

ಆ ವರ್ಷದ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ನಾನು ಅವರ ಮನೆಗೆ ಹೋದೆ. ಹುಡುಗನಿರಲಿಲ್ಲ, ಅವನ ತಾಯಿ ಇದ್ದರು. ಮಣೆ ಹಾಕಿ ಕುಳ್ಳಿರಿಸಿ, ಬೆಲ್ಲ ನೀರು ತಂದಿಟ್ಟರು. ನಾನು ಬಂದ ಕಾರಣ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಧಣಿಗಳೇ, ನಿಮ್ಮಲ್ಲಿ ಕ್ಷಮೆ ಕೇಳುವುದು ವರ್ಷಕ್ಕೊಮ್ಮೆ ಅಂತೆ. ನನ್ನ ಮಗ ಕೋರ್ಟಿಗೆ ಹೋದದ್ದು ತಿಂಗಳು ತಿಂಗಳು" ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ. ನನ್ನಲ್ಲಿ ಉತ್ತರವಿರಲಿಲ್ಲ. ನೀರು ಕುಡಿದು, ಕೈ ಮುಗಿದು ಬಂದೆ.

ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಯಾರ ಮೇಲಾದರೂ ದೂರು ಕೊಡುವ ಮುನ್ನ ಒಂದು ರಾತ್ರಿ ಕಳೆಯಲಿ. ಆ ಜಾಗದಲ್ಲಿ ಅವರ ಹಿರಿ ತಲೆಗಳ ಬೆವರು ಎಷ್ಟು ಬಿದ್ದಿದೆಯೆಂದು ಹಳೆಯ ಕಡತಗಳನ್ನು ತೆಗೆದು ನೋಡಿರಿ. ಅವರಿಗೆ ಹೋಗಲು ದಾರಿಯನ್ನೂ ದೀಪವಿಡಲು ಸ್ಥಳವನ್ನೂ ಬಿಟ್ಟಿದ್ದೀರಾ ಎಂದು ಸ್ಥಳಕ್ಕೆ ಹೋಗಿ ನೋಡಿರಿ. ಹಕ್ಕನ್ನು ಸಾಧಿಸಬೇಕಾದರೆ ಸಿವಿಲ್ ದಾವೆಯಲ್ಲಿ ಸಾಧಿಸಿರಿ. ಆ ಮೇಲೂ ಸಹಿ ಹಾಕಲೇಬೇಕೆಂದು ಮನಸ್ಸಿಗೆ ತೋರಿದರೆ, ಆ ಕಾಗದದಲ್ಲಿ ಬರೆದ ಹೆಸರಿನ ಮನುಷ್ಯನ ಮನೆಯಲ್ಲಿ ಒಮ್ಮೆ ಕುಳಿತು ಬಂದು ಅನಂತರ ಸಹಿ ಹಾಕಿರಿ.

ಆ ಎರಡು ಕಳಸೆಗಳು ಈಗ ದೇರೆಬೈಲಿನ ನನ್ನ ಮನೆಯಲ್ಲಿವೆ. ಕುಟುಂಬದ ಪಾಲಾದಾಗ ಯಾರೂ ಬೇಡವೆಂದುದರಿಂದ ನಾನು ತಂದೆ. ಮೊಮ್ಮಕ್ಕಳು ಬಂದಾಗ ಸಣ್ಣದರಲ್ಲಿ ಅಕ್ಕಿ ತುಂಬಿ ದೊಡ್ಡದಕ್ಕೆ ಸುರಿಯಲು ಹೇಳುತ್ತೇನೆ. ಅದು ಯಾಕೆ ತುಂಬಲಿಲ್ಲವೆಂದು ಅವರು ಕೇಳುತ್ತಾರೆ. ಇದ್ದುದನ್ನು ಇದ್ದ ಹಾಗೆ ಹೇಳುತ್ತೇನೆ.